ಪಾಳುಬಿದ್ದ ಊರು ತನ್ನ ಕಥೆ ಹೇಳುವುದು ಹೇಗೆ?

ಪ್ರಶ್ನೆ: ನೂರಾರು ವರ್ಷಗಳ ಹಿಂದೆ ಹಾಳಾದ ಹಳ್ಳಿ ಏಕೆ ಖಾಲಿಯಾಯಿತೆಂದು ಪುರಾತತ್ವಜ್ಞರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ವಾರಮ್ ಪರ್ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಮಧ್ಯಯುಗದ ಆ ಊರಿನಲ್ಲಿ ಇಂದು ನಿಂತಿರುವುದು ಮಾಡಿಲ್ಲದ ಚರ್ಚೊಂದೇ. ಆದರೆ ಇಳಿಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನಡಿಯ ಮನೆಗಳ ತಳಪಾಯವೂ ಬೀದಿಯ ತಗ್ಗೂ ಎದ್ದು ಕಾಣುತ್ತವೆ. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಮುಂದಾಳತ್ವದಲ್ಲಿ 1990ರವರೆಗೆ ಸುಮಾರು 40 ವರ್ಷ, ಬೇಸಿಗೆ ಬೇಸಿಗೆಗೂ ಉತ್ಖನನ ನಡೆಯಿತು. ಮನೆಯಂಗಳದ ಮಣ್ಣಿನಲ್ಲಿ ಮಡಕೆ ಚೂರುಗಳು ಯಾವ ಕಾಲಕ್ಕೆ ನಿಂತುಹೋದವೋ ಆಗಲೇ ಅಲ್ಲಿನ ಬಾಳುವೆ ಮುಗಿದಿತ್ತು. ಅದನ್ನು ಹಳೆಯ ದಾಖಲೆಗಳೊಂದಿಗೆ ಹೊಂದಿಸಿ ನೋಡಿದಾಗ ಊರಿನ ಕಥೆ ತಿಳಿಯಿತು. 14ನೇ ಶತಮಾನದ ಪ್ಲೇಗಿನ ನಂತರವೂ ಊರು ಬದುಕಿತ್ತು. ಉಣ್ಣೆಗೆ ಬೆಲೆ ಬಂದಾಗ ಉಳುವ ಹೊಲಗಳು ಕುರಿಗಾವಲಾದವು. 1500ರ ಸುಮಾರಿಗೆ ಕೊನೆಯ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಮಹಾಮಾರಿಯನ್ನು ತಾಳಿಕೊಂಡ ಊರು ಭೂಮಾಲೀಕರ ಲಾಭದಾಸೆಗೆ ಬಲಿಯಾಯಿತು.