ಛಾಯಾಚಿತ್ರದ ಒಡೆತನ ಯಾರದು?

ಸುಲೇಪೇಟದ ಸ್ಟುಡಿಯೊದವರು ಹಣ ಪಡೆದು ತೆಗೆದುಕೊಟ್ಟ ಮದುವೆಯ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಒಡೆಯರು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಂ ಹೀಗೆನ್ನುತ್ತದೆ. ಸ್ಟುಡಿಯೊದವರಿಗೆ ಇದು ಕಹಿಯೇ ಸರಿ. ಆದರೆ ರಸೀದಿಯಲ್ಲಿ ಕರಾರು ಬರೆದು ಗ್ರಾಹಕರ ಸಹಿ ಪಡೆದರೆ ಹಕ್ಕು ಉಳಿಯುತ್ತದೆ.

ಛಾಯಾಗ್ರಾಹಕನು ಸ್ವಂತಕ್ಕಾಗಿ ತೆಗೆದ ಮಳಖೇಡ ಕೋಟೆಯ ಚಿತ್ರ ಮಾತ್ರ ಅವನದೇ. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಅಂಥ ಚಿತ್ರವನ್ನು ಅಂತರಜಾಲದಿಂದ ಇಳಿಸಿಕೊಂಡು, ತಿಳಿದೂ ತೊಗರಿಬೇಳೆಯ ಚೀಲದ ಮೇಲೆ ಅಚ್ಚು ಹಾಕಿಸುವ ವ್ಯಾಪಾರಿಗೆ 63ನೆಯ ಕಲಮಿನನ್ವಯ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಕ್ಕನ್ನು ಮಾರುವವರು ಪತ್ರದಲ್ಲಿ ಅವಧಿಯನ್ನು ನಮೂದಿಸಬೇಕು. ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆಂದೇ ಭಾವಿಸಲಾಗುತ್ತದೆ. ಅಂತರಜಾಲಕ್ಕೆ ಚಿಕ್ಕ ಪ್ರತಿಯನ್ನಷ್ಟೇ ಏರಿಸಿ, ಮೂಲ ಕಡತವನ್ನು ಪುರಾವೆಗಾಗಿ ಕಾದಿರಿಸುವುದು ಲೇಸು.