ಶೂ ಕಚ್ಚಿ ಹಿಡಿಯುವ ಪೆಡಲು

ಫಿಕ್ಸೆಡ್ ಗೇರ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಪಾದ ಜಾರಿದರೆ ಅದೇ ಪೆಡಲು ಸುತ್ತಿ ಬಂದು ಮೀನಖಂಡಕ್ಕೆ ಬಡಿಯುತ್ತದೆ. ಆದ್ದರಿಂದ ಪಾದವನ್ನು ಹಿಡಿದಿಡುವ ವ್ಯವಸ್ಥೆ ಬೇಕು. ಅಂಥದೊಂದು ಕ್ಲಿಪ್‌ಲೆಸ್ ಪೆಡಲು. ಹೆಸರು ಕೇಳಿ ಮೋಸಹೋಗಬೇಡಿ. ಇಲ್ಲದಿರುವುದು ಕಾಲ್ಬೆರಳನ್ನು ಹಿಡಿಯುತ್ತಿದ್ದ ಹಳೆಯ ಟೋ ಕ್ಲಿಪ್ ಮಾತ್ರ. ಶೂ ಅಡಿಯ ಕ್ಲೀಟ್ ಪೆಡಲಿನ ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ.

ಫ್ರಾನ್ಸಿನ ಲುಕ್ ಸಂಸ್ಥೆ 1984ರಲ್ಲಿ ಹೊರತಂದ ಇಂಥ ಪೆಡಲಿನಲ್ಲಿ ಕ್ಲೀಟ್ ಸೇರುವುದು ಒಂದೇ ಬದಿಗೆ. ನಿಲ್ಲದೆ ತಿರುಗುವ ಪೆಡಲಿನಲ್ಲಿ ಆ ಬದಿಯನ್ನು ಕಾಲಿನಿಂದ ಹುಡುಕುವುದು ಕಷ್ಟ. ಬೀದಿಯ ಸವಾರಿಗೆ ಎರಡೂ ಬದಿ ಹಿಡಿಯುವ ಎಸ್‌ಪಿಡಿ ಮಾದರಿಯೇ ಮೇಲು. ಅದರಲ್ಲೂ ಪಕ್ಕಕ್ಕೆ ಮಾತ್ರ ಬಿಡುವ ಕ್ಲೀಟನ್ನೇ ಕೇಳಿ ಕೊಳ್ಳಿ. ಹಲವು ದಿಕ್ಕಿಗೆ ಬಿಡುವ ಕ್ಲೀಟು, ವೇಗ ತಗ್ಗಿಸಲೆಂದು ಕಾಲನ್ನು ಮೇಲಕ್ಕೆಳೆದಾಗಲೇ ಕಳಚಿಕೊಳ್ಳಬಹುದು.