ರಾಜಾ ಕುಳ್ಳನ ಊರಿಗೆ ಹೊರಟಿರಾ? ಜೇಬು ನೋಡಿಕೊಳ್ಳಿ!

ಮೈಸೂರಿನ ವಿಷ್ಣು, ಹುಣಸೂರಿನ ದ್ವಾರಕೀಶ್ ಜೋಡಿ 1978ರಲ್ಲಿ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ನಾಗಿ ಮೆರೆದದ್ದು ಯಾರಿಗೆ ಗೊತ್ತಿಲ್ಲ? ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಅದು. ಈಗ ನಮ್ಮ ಲಕ್ಷ್ಮೀಪುರಂ ಹುಡುಗರಿಗೂ ಆ ಊರು ದೂರವೇನಲ್ಲ. ಪಾಸ್‌ಪೋರ್ಟ್ ಕೇಂದ್ರ 2017ರ ಜನವರಿ 25ರಂದೇ ಮೈಸೂರಿನ ಅಂಚೆ ಕಚೇರಿಗೆ ಬಂತು.

ಪಾಸ್‌ಪೋರ್ಟ್ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ವೀಸಾ ಬೇಕು. ಇಳಿಯುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಇಷ್ಟಾದರೆ ಸಾಕೆ? ಸಾಲದು ಗುರುವೇ! ಒಂದೇ ಸಿಗರೇಟ್ ಇದ್ದರೂ ಕೆಂಪು ಚಾನೆಲ್‌ಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ಹಸಿರು ಚಾನೆಲ್‌ನಲ್ಲಿ ನಡೆದರೆ ‘ನನ್ನ ಹತ್ರ ಏನೂ ಇಲ್ಲ’ ಎಂದು ಬಾಯಿಬಿಡದೆ ಹೇಳಿದ ಹಾಗೆ. ಸಿಕ್ಕಿಬಿದ್ದರೆ ದಂಡ. ಗುಟ್ಕಾ, ವೇಪ್, ಚೂಯಿಂಗ್ ಗಮ್ ಒಯ್ಯುವಂತೆಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಪರಿಚಯದವರು ಯಾರೋ ‘ಅಣ್ಣಾ, ಈ ಪೊಟ್ಟಣ ನಮ್ಮ ಭಾವನಿಗೆ ಕೊಟ್ಟುಬಿಡಿ’ ಅಂದರೆ ಕೈಮುಗಿದುಬಿಡಿ. ಬ್ಯಾಗು ನಿಮ್ಮ ಕೈಲಿದ್ದರೆ ಒಳಗಿರೋದೂ ನಿಮ್ಮದೇ ಅಂತ ಅಲ್ಲಿನ ಕಾನೂನು ಮೊದಲು ನಂಬುತ್ತೆ. 15 ಗ್ರಾಂ ಮೀರಿದ ಹೆರಾಯಿನ್ ಸಾಗಿಸಿದವರಿಗೆ ಅಲ್ಲಿ ನೇಣಿನ ಶಿಕ್ಷೆಯಿದೆ. ತೆರೆಯ ಮೇಲಾದರೆ ಕ್ಲೈಮ್ಯಾಕ್ಸ್‌ನಲ್ಲಿ ಹೀರೊ ಬಂದು ಬಿಡಿಸ್ತಾನೆ. ಅಲ್ಲಿ ಯಾರೂ ಬರಲ್ಲ!